ನಡುಮನೆಯಲ್ಲಿ ಫುಟ್‌ಬಾಲು

ಕಾಲು ಮುರಿದುಕೊಂಡಾಗ ನಾನು ಮನೆ ಅಳಿಯನಾಗಿ ತೂಬಗೆರೆ ಕಡೆಯ ಆ ಹಳ್ಳಿಗೆ ಬಂದು ನಾಲ್ಕು ವರ್ಷವಾಗಿತ್ತು. ಹುಟ್ಟಿ ಬೆಳೆದದ್ದು ಬೆಂಗಳೂರಿನ ಪೂರ್ವಕ್ಕಿರುವ ಒಂದು ಹಳೆಯ ಬಡಾವಣೆಯಲ್ಲಿ. ಅಲ್ಲಿ ಸಂಜೆಯಾದರೆ ಬೀದಿಯ ಎರಡೂ ಕೊನೆಗೆ ಇಟ್ಟಿಗೆ ಇಟ್ಟು ಗೋಲು ಮಾಡಿಕೊಳ್ಳುತ್ತಿದ್ದೆವು. ಬ್ಯಾಟು ಹಿಡಿದುಕೊಂಡು ಬಂದವನನ್ನು ಬೇರೆ ಊರಿನವನು ಅನ್ನೋ ಹಾಗೆ ನೋಡುತ್ತಿದ್ದೆವು. ಅಪ್ಪ ಒಂದು ಕಾರ್ಖಾನೆಯ ತಂಡಕ್ಕೆ ಆಡಿದವರು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ಅಣ್ಣನ ಸಂಸಾರ ಉಳಿಯಿತು, ಜೊತೆಗೆ ನಾನು. ವಿಮಾನ ನಿಲ್ದಾಣದ ಕಾರ್ಗೋ ಶೆಡ್ಡಿನಲ್ಲಿ ನನಗೆ ಪಾಳಿ ಕೆಲಸ. ಅಂಥ ಹೊತ್ತಿನಲ್ಲಿ ಸಂಬಂಧ ಬಂತು. ರೈತರ ಮನೆ, ಒಬ್ಬಳೇ ಮಗಳು, ದೊಡ್ಡಬಳ್ಳಾಪುರದಲ್ಲಿ ಕಚೇರಿ ಕೆಲಸ, ಹುಡುಗ ಬಂದು ಇಲ್ಲೇ ಇರಬೇಕು ಅನ್ನೋದೊಂದೇ ಷರತ್ತು. ಅಣ್ಣನ ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಮಲಗುತ್ತಿದ್ದ ನನಗೆ ಅದು ಷರತ್ತು ಅನ್ನಿಸಲೇ ಇಲ್ಲ.

ಮಾವನ ಮನೆಯಲ್ಲಿ ನನಗೆ ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ನನ್ನ ಕಷ್ಟವೂ ಅದೇ ಆಗಿತ್ತು ಅಂತ ಈಗ ಹೇಳಬಲ್ಲೆ. ಮಾವ ನನ್ನನ್ನು ‘ಅಳಿಯಂದ್ರು’ ಅನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಮೂವತ್ತು ವರ್ಷ ದೊಡ್ಡವರು, ಆದರೂ ಒಂದು ಸಲವೂ ಏಕವಚನ ಬಳಸಿದ್ದಿಲ್ಲ. ತೋಟಕ್ಕೆ ಹೋಗಿ ದ್ರಾಕ್ಷಿ ಚಪ್ಪರದ ತಂತಿ ಬಿಗಿಯೋಣ ಅಂದರೆ, “ನೀವ್ ಕೂತ್ಕಳಿ, ಆಳು ಬತ್ತಾನೆ” ಅನ್ನೋರು. ಉಂಡ ತಟ್ಟೆ ಎತ್ತಿದರೆ ಅತ್ತೆ ಓಡಿ ಬಂದು ಕೈಯಿಂದ ಕಿತ್ತುಕೊಳ್ಳೋರು. ಸಿಟಿಯಿಂದ ಬರುವ ಅಳಿಯನಿಗೆ ಹಿತ್ತಲ ಬಚ್ಚಲು ಸರಿಹೋಗಲ್ಲ ಅಂತ ಮದುವೆಗೆ ಮುಂಚೆಯೇ ನಡುಮನೆಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಒಂದು ಪುಟ್ಟ ಬಾತ್‌ರೂಮು ಕಟ್ಟಿಸಿದ್ದರು. ಅದರಲ್ಲಿ ಕುರ್ಚಿಯಂಥ ಕಮೋಡು, ಗೋಡೆಗೆ ಟೈಲ್ಸು, ನೀಲಿ ಪ್ಲಾಸ್ಟಿಕ್ ಬಾಗಿಲು. ಮನೆಯವರು ಯಾರೂ ಅದನ್ನು ಬಳಸುತ್ತಿರಲಿಲ್ಲ. ಬಂದವರಿಗೆಲ್ಲ ಅತ್ತೆ ಬಾಗಿಲು ತೆಗೆದು ತೋರಿಸೋರು. ನಾಲ್ಕು ವರ್ಷ ಹಾಗೆ ಬಂದ ನೆಂಟನಂತೆಯೇ ಇದ್ದೆ. ನೆಂಟನಾದವನು ಒಂದು ದಿನ ಹೊರಡುತ್ತಾನೆ, ನನಗೆ ಅದೂ ಇರಲಿಲ್ಲ.

ನನ್ನದು ಅಂತ ಅಲ್ಲಿದ್ದದ್ದು ಫುಟ್‌ಬಾಲ್ ಒಂದೇ. ಮೊದಲ ಒಂದು ವರ್ಷ ಅದರ ಬಗ್ಗೆ ಮಾತಾಡಲು ಯಾರೂ ಸಿಕ್ಕಿರಲಿಲ್ಲ. ಒಂದು ದಿನ ತೂಬಗೆರೆಯಲ್ಲಿ ಕಟಿಂಗ್ ಮಾಡಿಸಲು ಕೂತಿದ್ದೆ. ಸಲೂನಿನವನು ಅರ್ಧ ತಲೆ ಮುಗಿಸಿ ಕತ್ತರಿ ಗಾಳಿಯಲ್ಲೇ ನಿಲ್ಲಿಸಿಬಿಟ್ಟ. “ಗುರು, ಒಂದ್ ನಿಮಿಷ ಸುಮ್ನಿರು. ಕಾರ್ನರ್ ಐತೆ” ಅಂದ. ಕನ್ನಡಿಗೆ ಒರಗಿಸಿದ್ದ ಅವನ ಫೋನಿನಲ್ಲಿ ನಮ್ಮ ಬೆಂಗಳೂರಿನ ತಂಡ ಆಡುತ್ತಿತ್ತು. ಕಾರ್ನರ್ ವ್ಯರ್ಥವಾಯಿತು. ಯಾಕೆ ವ್ಯರ್ಥವಾಯಿತು ಅಂತ ನಾನು ಹೇಳಿದೆ. ಅವನು ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದ. ಅಲ್ಲಿಂದ ಗೆಳೆತನವಾಯಿತು. ಅವನ ಮೂಲಕ ಇನ್ನೊಬ್ಬರು ಸಿಕ್ಕರು, ದೊಡ್ಡಬಳ್ಳಾಪುರದ ಹೈಸ್ಕೂಲೊಂದರಿಂದ ನಿವೃತ್ತರಾಗಿದ್ದ ಪಿ.ಟಿ. ಮೇಷ್ಟ್ರು. ಭಾನುವಾರ ಸಲೂನಿನ ಬೆಂಚಿನ ಮೇಲೆ ಮೂವರೂ ಕೂರುತ್ತಿದ್ದೆವು. ಸಲೂನಿನವನಿಗೆ ಪ್ರತಿ ವರ್ಷವೂ ನಾವೇ ಕಪ್ಪು ಗೆಲ್ಲುತ್ತೇವೆ ಅನ್ನೋ ನಂಬಿಕೆ. ಮೇಷ್ಟ್ರಿಗೆ ಪ್ರತಿ ವರ್ಷವೂ ನಾವು ಕೊನೆಯಲ್ಲಿರುತ್ತೇವೆ ಅನ್ನೋ ನಂಬಿಕೆ. ಇಬ್ಬರೂ ಕೊನೆಗೆ ನನ್ನ ಕಡೆ ತಿರುಗಿ, “ನೀನೇನಂತೀಯ?” ಅಂತ ಕೇಳೋರು. ಹುಟ್ಟಿದಾಗಿನಿಂದ ನೋಡಿದವನು ಅಂತ ನನ್ನ ಮಾತಿಗೆ ತೂಕವಿತ್ತು. ವಾರವಿಡೀ ನಾನು ಆ ಪ್ರಶ್ನೆಗಾಗಿ ಕಾಯುತ್ತಿದ್ದೆ ಅಂದರೆ ಸುಳ್ಳಲ್ಲ.

ಆ ವರ್ಷ ನಮ್ಮ ತಂಡ ಸೆಮಿಫೈನಲಿನ ಕೊನೆಯ ಗಳಿಗೆಯಲ್ಲಿ ಸೋತಿತ್ತು. ಬೇಸಿಗೆ ಶುರುವಾಗಿತ್ತು. ಒಂದು ಭಾನುವಾರ ಸಂಜೆ ದೊಡ್ಡಬಳ್ಳಾಪುರದ ಮೈದಾನದಲ್ಲಿ ಮೇಷ್ಟ್ರು ಒಂದು ಆಟ ಏರ್ಪಡಿಸಿದ್ದರು. ನಮ್ಮಂಥ ವಯಸ್ಸಾದವರು ಒಂದು ಕಡೆ, ಕಾಲೇಜಿನವರು ಇನ್ನೊಂದು ಕಡೆ. ಒಂದು ಚೆಂಡಿಗೆ ನಾನು ಕಾಲು ಚಾಚಿದೆ, ಅವರ ಗೋಲ್‌ಕೀಪರ್ ಮೈಯೆಲ್ಲ ಹಾಕಿ ನನ್ನ ಕಾಲಿನ ಮೇಲೆ ಬಿದ್ದ. ಒಣಗಿದ ಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ಮಾವ ಅವತ್ತು ಹಿಂಡಿ ಬೂಸಾ ತರಲು ಲಗೇಜ್ ಆಟೋದಲ್ಲಿ ಪೇಟೆಗೆ ಬಂದಿದ್ದರು. ಫೋನು ಹೋದ ಹತ್ತು ನಿಮಿಷಕ್ಕೆ ಬಂದರು. ಬೂಸಾ ಮೂಟೆಯ ಮೇಲೆ ನನ್ನನ್ನು ಮಲಗಿಸಿ, ಆಸ್ಪತ್ರೆಯವರೆಗೂ ನನ್ನ ಕಾಲನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ದಾರಿಯುದ್ದಕ್ಕೂ ಅವರ ಕಣ್ಣು ನನ್ನ ಪಾದದ ಮೇಲೇ ಇತ್ತು.

ಮೊಣಕಾಲ ಕೆಳಗೆ ಎರಡೂ ಮೂಳೆ ಹೋಗಿದ್ದವು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಎರಡು ತಿಂಗಳು ನೆಲಕ್ಕೆ ಕಾಲು ಊರಬೇಡಿ ಅಂದರು ಡಾಕ್ಟರು. ನಮ್ಮ ಕೋಣೆ ಮಹಡಿಯ ಮೇಲಿತ್ತು, ಹತ್ತುವ ಹಾಗಿರಲಿಲ್ಲ. ನಡುಮನೆಯಲ್ಲಿ ಟಿ.ವಿ. ಎದುರಿಗೆ ಮಂಚ ಹಾಕಿದರು. ಬೆಳಿಗ್ಗೆ ಎಂಟಕ್ಕೆ ಹೆಂಡತಿ ಬಸ್ಸಿಗೆ ಹೋಗುವಳು. ಅತ್ತೆ ಮಾವ ತೋಟಕ್ಕೆ, ದನಕ್ಕೆ, ಡೈರಿಗೆ. ನಾನು ಮತ್ತು ಮೇಲಿನ ಫ್ಯಾನು. ಫ್ಯಾನಿನ ಒಂದು ರೆಕ್ಕೆಯ ಅಂಚಿನಲ್ಲಿ ಸುಣ್ಣದ ಕಲೆಯಿತ್ತು. ಕರೆಂಟು ಹೋದಾಗ ಆ ಕಲೆ ಯಾವ ದಿಕ್ಕಿಗೆ ನಿಲ್ಲುತ್ತದೆ ಅಂತ ಮೊದಲೇ ಊಹಿಸುವುದನ್ನು ಕಲಿತೆ. ಪ್ಲಾಸ್ಟರಿನ ಒಳಗೆ ಕೆರೆತ ಶುರುವಾದರೆ ಕೈಗೆ ಎಟಕುತ್ತಿರಲಿಲ್ಲ. ನೀರು ಬೇಕೆಂದರೆ ಕರೆಯಬೇಕು, ಕಿಟಕಿ ಮುಚ್ಚಬೇಕೆಂದರೆ ಕರೆಯಬೇಕು. ಕರೆದ ತಕ್ಷಣ ಯಾರಾದರೂ ಕೆಲಸ ಬಿಟ್ಟು ಓಡಿ ಬರುತ್ತಿದ್ದರು. ಅದಕ್ಕೇ ನಾನು ಕರೆಯುವುದನ್ನು ಕಡಿಮೆ ಮಾಡಿದೆ.

ವಾರ ಕಳೆಯುವಷ್ಟರಲ್ಲಿ ಸಲೂನಿನವನೂ ಮೇಷ್ಟ್ರೂ ಸಂಜೆ ಹೊತ್ತು ಮನೆಗೇ ಬರತೊಡಗಿದರು. ನಾನು ಬದುಕಿಕೊಂಡೆ ಅನ್ನಿಸಿತು. ಅವರ ಕೈಯಲ್ಲಿ ದಿನಕ್ಕೊಂದು ಹೊಸ ಸುದ್ದಿ ಇರುತ್ತಿತ್ತು. ಕ್ಯಾಪ್ಟನ್ ಆಟ ನಿಲ್ಲಿಸುತ್ತಾನಂತೆ. ಬ್ಯಾಕಿನಲ್ಲಿ ಆಡುವ ಇಬ್ಬರು ಬೇರೆ ತಂಡಕ್ಕೆ ಹೋದರಂತೆ. ಹೊಸ ಸ್ಟ್ರೈಕರ್ ಒಬ್ಬನನ್ನು ತಂದಿದ್ದಾರಂತೆ.

“ಹೊಸಬ ಇಪ್ಪತ್ತು ಗೋಲ್ ಹೊಡೀತಾನೆ, ಬರ್ದಿಟ್ಕೊಳಿ” ಅನ್ನುವನು ಸಲೂನಿನವನು.

“ಅವನಿಗೆ ಚೆಂಡು ತಲುಪಿಸೋರು ಯಾರಪ್ಪಾ? ನಡುವೆ ಆಡೋನೇ ಇಲ್ಲ ನಮ್ಮಲ್ಲಿ. ಈ ಸಲ ಸೆಮಿಫೈನಲ್ ಕನಸೂ ಬೇಡ” ಅನ್ನುವರು ಮೇಷ್ಟ್ರು.

ಆಮೇಲೆ ಇಬ್ಬರೂ ನನ್ನ ಕಡೆ ತಿರುಗುವರು. ನಾನು ದಿಂಬಿಗೆ ಒರಗಿ, ಬೆಳಗಿನಿಂದ ಯೋಚಿಸಿಟ್ಟಿದ್ದನ್ನೆಲ್ಲ ಹೇಳುವೆ.

ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಫ್ಯಾನು, ಒಂದೇ ಟಿ.ವಿ. ಹೀಗಾಗಿ ಸಂಜೆ ಹಾಲು ಹಾಕಿ ಬಂದ ಮೇಲೆ ಮಾವ ಕೂರುವ ಜಾಗವೂ ನಡುಮನೆಯೇ. ಮೊದಮೊದಲು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಮಾವನಿಗೆ ಎತ್ತುಗಳ ವಿಚಾರದಲ್ಲಿ ಆ ಸುತ್ತಿನಲ್ಲೆಲ್ಲ ಹೆಸರಿತ್ತು. ಹಳ್ಳಿಕಾರ್ ಜೋಡಿ ಕೊಳ್ಳಬೇಕೆಂದರೆ ಬೂದಿಗೆರೆಯಿಂದಲೂ ಜನ ಬಂದು ಕರೆದುಕೊಂಡು ಹೋಗೋರು. ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ, ಇದು ಇಂಥ ಕಡೆ ಸೋಲುತ್ತದೆ ಅಂತ ಹೇಳಿಬಿಡೋರು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅದಕ್ಕೂ ನನಗೂ ಸಂಬಂಧವಿದೆ ಅಂತ ಅಂದುಕೊಂಡಿರಲಿಲ್ಲ.

ಒಂದು ಸಂಜೆ ಸಲೂನಿನವನು ಹಿಂದಿನ ಸೀಸನ್ನಿನ ಆಟವೊಂದನ್ನು ಟಿ.ವಿ.ಗೆ ಹಾಕಿದ್ದ. ನಮ್ಮ ಎಡಬದಿಯ ಬ್ಯಾಕ್ ಆಟಗಾರನ ಬಗ್ಗೆ ವಾದ ನಡೆದಿತ್ತು. ಸದ್ಯ ಅವನೊಬ್ಬ ಉಳಿದಿದ್ದಾನಲ್ಲ ಅಂತ ಮೂವರೂ ಒಪ್ಪಿಕೊಂಡಿದ್ದೆವು. ಮಾವ ಕಣ್ಣು ಬಿಟ್ಟು, “ಆ ಹುಡ್ಗುಂಗೆ ಬಲಗಾಲು ನೋಯ್ತದೆ” ಅಂದರು.

ಸಲೂನಿನವನು ನಕ್ಕ. “ಯಾರ್ಗೆ ಯಜಮಾನ್ರೆ?”

“ಅದೇ ಎಡಗಡೆ ಓಡಾಡ್ತಾನಲ್ಲ ಅವ್ನಿಗೆ. ತಿರುಗುವಾಗ ನೋಡಿ, ಬಲಗಾಲ್ ಮ್ಯಾಲೆ ಭಾರ ಬಿಡಲ್ಲ. ಮುಚ್ಕಂಡು ಓಡ್ತಾವ್ನೆ.”

ನಾನು ಅಳಿಯನ ಮರ್ಯಾದೆಗೆ ತಕ್ಕ ಹಾಗೆ ಮುಗುಳ್ನಕ್ಕೆ. ಹತ್ತು ಹನ್ನೆರಡು ದಿನವಾಗಿರಬೇಕು, ಸುದ್ದಿ ಬಂತು. ಆ ಆಟಗಾರನಿಗೆ ಬಲ ಮೊಣಕಾಲಿನ ಆಪರೇಷನ್, ಮುಂದಿನ ಸೀಸನ್ನಿನ ಅರ್ಧ ಭಾಗ ಆಡುವುದಿಲ್ಲ. ಸಲೂನಿನವನು ಆ ಸಂಜೆ ಅಂಗಡಿ ಬೇಗ ಮುಚ್ಚಿ ಓಡಿ ಬಂದ. ಒಳಗೆ ಬಂದವನು ನನ್ನ ಮಂಚ ದಾಟಿಕೊಂಡು ಸೀದಾ ಮಾವನ ಮುಂದೆ ಹೋಗಿ ಚಕ್ಕಂಬಕ್ಕಲ ಹಾಕಿ ಕೂತ.

ಅಲ್ಲಿಂದ ಎಲ್ಲ ಬದಲಾಯಿತು. ತಂಡದಲ್ಲಿದ್ದ ಒಬ್ಬೊಬ್ಬನನ್ನೂ ಟಿ.ವಿ.ಯಲ್ಲಿ ಓಡಿಸಿ ಮಾವನಿಗೆ ತೋರಿಸತೊಡಗಿದರು. ಮಾವನಿಗೆ ಆಫ್‌ಸೈಡ್ ಅಂದರೇನು ಗೊತ್ತಿಲ್ಲ, ಯಾವ ಕಡೆ ಗೋಲು ಹೊಡೆಯಬೇಕು ಅನ್ನುವುದೂ ಅರ್ಧ ಆಟ ಕಳೆದ ಮೇಲೆ ಮರೆತುಹೋಗುತ್ತಿತ್ತು. ಆದರೆ ಇವನಿಗೆ ಉಸಿರಿಲ್ಲ, ಇವನು ಹೆದರುತ್ತಾನೆ, ಇವನನ್ನು ಯಾರ ಜೊತೆಗಾದರೂ ಜೋಡಿ ಹಾಕಿದರೆ ಎಳೆಯುತ್ತಾನೆ, ಒಬ್ಬನೇ ಆದರೆ ನಿಂತುಬಿಡುತ್ತಾನೆ ಅಂತೆಲ್ಲ ಹೇಳೋರು. ಮೇಷ್ಟ್ರು ತಮ್ಮ ಪುಟ್ಟ ಡೈರಿಯಲ್ಲಿ ಗುರುತು ಹಾಕಿಕೊಳ್ಳೋರು. ಕೊನೆಗೆ ನನ್ನ ಕಡೆ ತಿರುಗಿ ಕೇಳುವುದು ಯಾವಾಗ ನಿಂತಿತೋ ನನಗೆ ಸರಿಯಾಗಿ ನೆನಪಿಲ್ಲ. ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದು ನೋಡಿದರೆ, ಅವರಿಬ್ಬರೂ ಜಗಲಿಯ ಮೇಲೆ ಮಾವನ ಜೊತೆ ಕೂತು ಮಾತಾಡುತ್ತಿದ್ದರು. “ಅಳಿಯಂದ್ರು ಮಲಗವ್ರೆ, ಮೆಲ್ಲಗೆ” ಅನ್ನುತ್ತಿದ್ದರು ಮಾವ. ನಾನು ಎದ್ದಿದ್ದೇನೆ ಅಂತ ಕೂಗಲಿಲ್ಲ. ಗೋಡೆಯ ಆಚೆ ನನ್ನ ತಂಡದ ಮುಂದಿನ ವರ್ಷವನ್ನು ಅವರು ತೀರ್ಮಾನ ಮಾಡುತ್ತಿದ್ದರು, ನಾನು ಇಟ್ಟಲ್ಲಿ ಇಟ್ಟ ಹಾಗೆ ಬಿದ್ದಿದ್ದೆ.

ಹೊಸ ಸ್ಟ್ರೈಕರನ ವಿಚಾರಕ್ಕೆ ನನ್ನೊಳಗಿನದು ಒಡೆಯಿತು. ನನ್ನ ಲೆಕ್ಕದಲ್ಲಿ ಅವನು ಒಳ್ಳೆಯ ಆಟಗಾರ. ಚೆಂಡು ಬರುವ ಮೊದಲೇ ಎಲ್ಲಿ ನಿಲ್ಲಬೇಕು ಅಂತ ತಿಳಿದವನು. ಮಾವ ಅವನ ಹಳೆಯ ಆಟಗಳನ್ನು ಎರಡು ಸಂಜೆ ನೋಡಿ, “ಬಳಲವ್ನೆ. ದುಡಿಸ್ಬಿಟ್ಟವ್ರೆ ಆಗ್ಲೆ. ನಿಮ್ಗೆ ಬಂದಿರೋದು ಮಿಕ್ಕಿದ್ದು” ಅಂದರು. ಸಲೂನಿನವನ ಮುಖ ಇಳಿದುಹೋಯಿತು. ಮೇಷ್ಟ್ರು ಡೈರಿ ತೆಗೆದರು.

“ಬರೀಬೇಡಿ ಮೇಷ್ಟ್ರೇ” ಅಂದೆ ನಾನು. “ಅವನು ಓಡಲ್ಲ, ಓಡೋ ಅಗತ್ಯ ಅವನಿಗಿಲ್ಲ. ಅದು ಆಟ ಗೊತ್ತಿದ್ದೋರಿಗೆ ಕಾಣುತ್ತೆ.”

“ಇರ್ಬೋದು ಅಳಿಯಂದ್ರೆ” ಅಂದರು ಮಾವ, “ನಂಗೆ ಕಂಡಿದ್ ಹೇಳ್ದೆ.”

“ನೀವು ಒಂದು ದಿನ ಚೆಂಡು ಒದ್ದಿದ್ದೀರಾ ಮಾವ? ಅವರು ಮನುಷ್ಯರು. ಎತ್ತುಗಳಲ್ಲ.”

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಒಳಗೆ ಅತ್ತೆಯ ಪಾತ್ರೆ ಸದ್ದು ನಿಂತಿತು. ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. “ತಪ್ಪಾಯ್ತು” ಅಂದರು. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಗೆಳೆಯರಿಬ್ಬರೂ ಎದ್ದರು. ಮರುದಿನ ಅವರು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಿ ಹಗುರವಾಗುತ್ತಿದ್ದೆ. ಅತ್ತೆ ಎಂದಿನಂತೆ ಊಟ ತಂದಿಟ್ಟರು, ತುಪ್ಪ ಒಂದು ಚಮಚ ಹೆಚ್ಚೇ ಹಾಕಿದರು. ಮಾವ ನಡುಮನೆಗೆ ಬರುವುದನ್ನೇ ಬಿಟ್ಟರು. ಆ ಸೆಕೆಯಲ್ಲಿ ಜಗಲಿಯ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುವ ಸದ್ದು ನನಗೆ ಕೇಳುತ್ತಿತ್ತು. ಫ್ಯಾನು ಪೂರ್ತಿ ನನ್ನದಾಗಿತ್ತು, ಟಿ.ವಿ.ಯೂ ನನ್ನದೇ. ನಾನು ಹಾಕಲಿಲ್ಲ.

ನಾಲ್ಕನೆಯ ದಿನ ಅಣ್ಣನಿಗೆ ಫೋನು ಮಾಡಿದೆ. ಪ್ಲಾಸ್ಟರ್ ತೆಗೆಯುವವರೆಗೆ ನಿನ್ನ ಮನೆಯಲ್ಲಿರುತ್ತೇನೆ ಅಂದೆ. “ಬಾರೋ, ಅದಕ್ಕೇನು” ಅಂದ ಅಣ್ಣ. ಆಮೇಲೆ, ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಮುಂದಿನ ಕೋಣೆ ಅವಳಿಗೆ ಕೊಟ್ಟಿದ್ದೇವೆ, ಪರವಾಗಿಲ್ಲ ಏನಾದರೂ ಮಾಡೋಣ, ಬಾತ್‌ರೂಮು ಮಾತ್ರ ಹೊರಗಡೆ, ನಿನಗೇ ಗೊತ್ತಲ್ಲ ಅಂದ. ನಾನು ಸುಮ್ಮನೆ ಕೇಳಿದೆ ಅಷ್ಟೇ ಅಂದು ಫೋನಿಟ್ಟೆ.

ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ಹೆಂಡತಿಗೆ ಅದನ್ನು ಹೇಳಿದೆ. ಇಲ್ಲಿ ನನಗೆ ಉಸಿರು ಕಟ್ಟುತ್ತೆ ಅಂದೆ. ಅವಳು ಬಾಚಣಿಗೆ ಇಟ್ಟು ನನ್ನ ಮಂಚದ ತುದಿಗೆ ಕೂತಳು.

“ಕಾಲು ಸರಿ ಹೋಗ್ಲಿ. ನಡ್ಕೊಂಡು ಹೋಗೋರನ್ನ ಇಲ್ಲಿ ಯಾರೂ ಕಟ್ಟಾಕಲ್ಲ. ನಾನೂ ಬರ್ತೀನಿ ಬೇಕಾದ್ರೆ” ಅಂದಳು. ಬಸ್ಸಿನ ಹೊತ್ತಾಗಿತ್ತು. ಎದ್ದು ಬ್ಯಾಗು ತಗೊಂಡು ಬಾಗಿಲ ಹತ್ತಿರ ನಿಂತು, “ಅಪ್ಪ ಹೀಗೆ ಯಾರ ಜೊತೆಗಾದ್ರೂ ಕೂತು ನಗ್ತಾ ಮಾತಾಡಿದ್ದು ನಾನು ಚಿಕ್ಕೋಳಾಗಿದ್ದಾಗ್ಲೂ ನೋಡಿಲ್ಲ” ಅಂತ ಹೇಳಿ ಹೋದಳು.

ಅವತ್ತೇ ಮಧ್ಯಾಹ್ನ ನಾನು ಬಿದ್ದದ್ದು. ಅತ್ತೆ ಪಕ್ಕದ ಊರಿಗೆ ಯಾರೋ ಬಾಣಂತಿಯನ್ನು ನೋಡಲು ಹೋಗಿದ್ದರು. ಮಾವ ತೋಟದಲ್ಲಿದ್ದರು. ಬಾತ್‌ರೂಮಿಗೆ ಹೋಗುವಾಗ ಅವರನ್ನು ಕರೆಯಬೇಕು ಅನ್ನುವುದು ಕಟ್ಟಪ್ಪಣೆ, ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಅವರ ಜೊತೆ ಮಾತಾಡಿ ನಾಲ್ಕು ದಿನವಾಗಿತ್ತು. ಈಗ ಇದಕ್ಕಾಗಿ ಕರೆಯಲು ಮನಸ್ಸು ಒಪ್ಪಲಿಲ್ಲ. ಊರುಗೋಲು ಹಿಡಿದು ಒಬ್ಬನೇ ಹೋದೆ. ಒಳಗೆ ಹೋದದ್ದೂ ಆಯಿತು, ಬಾಗಿಲು ಹಾಕಿಕೊಂಡದ್ದೂ ಆಯಿತು. ಎದ್ದು ತಿರುಗುವಾಗ ಊರುಗೋಲು ಒದ್ದೆ ಟೈಲ್ಸಿನ ಮೇಲೆ ಜಾರಿತು.

ಆ ಬಾತ್‌ರೂಮು ನಾನು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲ. ಬೆನ್ನು ಹಿಂದಿನ ಗೋಡೆಗೆ ಬಡಿಯಿತು, ಪ್ಲಾಸ್ಟರ್ ಕಾಲಿನ ಹಿಮ್ಮಡಿ ಮುಂದಿನ ಬಾಗಿಲಿಗೆ ಒತ್ತಿಕೊಂಡು ನಿಂತಿತು. ಬಾಗಿಲು ಒಳಕ್ಕೆ ತೆರೆಯುವಂಥದು. ಕಾಲು ಮಡಿಸುವ ಹಾಗಿಲ್ಲ, ಪಕ್ಕಕ್ಕೆ ಸರಿಯಲು ಕಮೋಡು ಅಡ್ಡ. ಗೋಡೆಗೂ ಬಾಗಿಲಿಗೂ ನಡುವೆ ಮರದ ತುಂಡು ಸಿಕ್ಕಿಸಿದ ಹಾಗೆ ಸಿಕ್ಕಿಕೊಂಡಿದ್ದೆ. ಕೈಯೂರಿ ಮೇಲೇಳಲು ನೋಡಿದರೆ ಅಂಗೈ ಜಾರುತ್ತಿತ್ತು. ಫೋನು ಮಂಚದ ಮೇಲಿತ್ತು. ಮೂರು ನಾಲ್ಕು ಸಲ ಪ್ರಯತ್ನಿಸಿ ಬಿಟ್ಟುಬಿಟ್ಟೆ. ಮೇಲೆ ಅಂಗೈಯಗಲದ ಗವಾಕ್ಷಿಯಿಂದ ಬಿಸಿಲಿನ ಒಂದು ಚೌಕ ಬೀಳುತ್ತಿತ್ತು, ಅದು ಗೋಡೆಯ ಮೇಲೆ ಸರಿಯುತ್ತಾ ಹೋಯಿತು. ನೆಲದ ನೀರು ಪ್ಲಾಸ್ಟರಿಗೆ ಇಳಿಯುತ್ತಿರುವುದು ಗೊತ್ತಾಗುತ್ತಿತ್ತು. ಬೀದಿಯಲ್ಲಿ ಯಾರೋ ಬೈಕು ನಿಲ್ಲಿಸಿ ಮಾತಾಡುವುದು ಕೇಳಿಸಿತು. ಆಗಲೂ ನಾನು ಕೂಗಲಿಲ್ಲ. ಅಳಿಯ ಬಚ್ಚಲಲ್ಲಿ ಬಿದ್ದಿದ್ದಾನೆ ಅಂತ ಊರು ಕೂಡುವುದನ್ನು ನೆನೆಸಿಕೊಂಡು ಹಲ್ಲು ಕಚ್ಚಿಕೊಂಡು ಕೂತೆ.

ಒಂದು ಗಂಟೆಯ ಮೇಲಾಗಿರಬೇಕು. ಮಾವ ನೀರು ಕುಡಿಯಲು ಮನೆಗೆ ಬಂದವರು ಖಾಲಿ ಮಂಚ ನೋಡಿದರು. “ಅಳಿಯಂದ್ರೆ” ಅಂತ ಎರಡು ಸಲ ಕರೆದರು. ಇಲ್ಲಿದ್ದೀನಿ ಅಂದೆ. ಬಾಗಿಲು ನೂಕಿದರು. ನನ್ನ ತೊಡೆಯವರೆಗೂ ನೋವು ಹತ್ತಿ ನಾನು ಚೀರಿದೆ. ಕೈ ತೆಗೆದರು. ಏನಾಗಿದೆ ಅಂತ ಹೇಳಿದೆ.

“ಯಾವಾಗ ಬಿದ್ದಿದ್ದು?”

“ಊಟ ಆದ ಸ್ವಲ್ಪ ಹೊತ್ತಿಗೆ.”

ಮಾವ ಬೈಯಲು ಶುರುಮಾಡಿದರು. “ಬುದ್ಧಿ ಐತೇನೋ ನಿಂಗೆ? ಕೂಗಕ್ಕೆ ಬಾಯಿರ್ಲಿಲ್ವೇನೋ? ಪಕ್ಕದ್ಮನೇಲಿ ಜನ ಇಲ್ವಾ? ಏನ್ ದೊಡ್ಡ ಸಾಹುಕಾರ ನೀನು, ನಿಂಗೊಂದ್ ಮರ್ವಾದಿ ಬೇರೆ ಕೇಡು. ಸತ್ತೋಗಿದ್ರೆ ನನ್ ಮಗಳ್ಗೆ ಏನ್ ಹೇಳ್ಲೋ ನಾನು?”

ನಾಲ್ಕು ವರ್ಷದಲ್ಲಿ ಮೊದಲ ಸಲ. ಒದ್ದೆ ನೆಲದ ಮೇಲೆ ಕೂತು ಆ ಬೈಗುಳ ಕೇಳುತ್ತಾ ನನಗೆ ಅಳು ಬಂತು. ಅವರು ಅಲ್ಲಿಂದಲೇ ಸಲೂನಿನವನಿಗೆ ಫೋನು ಮಾಡಿ, ಗರಗಸ ಹಿಡ್ಕೊಂಡು ಮೇಷ್ಟ್ರ ಜೊತೆ ಬಾ ಅಂದರು. ಬಾಗಿಲ ಕೀಲು ಒಳಗಡೆ ಇತ್ತು, ಹೊರಗಿನಿಂದ ಬಿಚ್ಚುವ ಹಾಗಿರಲಿಲ್ಲ. ಮೇಲರ್ಧ ಕೊಯ್ದು ಯಾರಾದರೂ ಒಳಗಿಳಿಯಬೇಕು. ಮಾವನಿಗೆ ಅರವತ್ತೈದು, ಒಬ್ಬರೇ ನನ್ನನ್ನು ಎತ್ತುವುದು ಆಗದ ಮಾತು. ಗೆಳೆಯರು ಬರುವವರೆಗೆ ಕಾಯಬೇಕಿತ್ತು.

ಬಾಗಿಲಿಗೆ ಬೆನ್ನು ಕೊಟ್ಟು ಮಾವ ಆಚೆ ನೆಲದ ಮೇಲೆ ಕೂತರು. ಪ್ಲಾಸ್ಟಿಕ್ ಬಾಗಿಲು ಸ್ವಲ್ಪ ಬಾಗಿದ್ದು ನನ್ನ ಹಿಮ್ಮಡಿಗೆ ತಿಳಿಯಿತು.

“ನೋವೈತಾ?” ಅಂದರು.

“ಐತೆ.”

“ಏನಾದ್ರೂ ಮಾತಾಡ್ತಾ ಇರು. ಮಂಪರು ಹತ್ಬಾರ್ದು.”

“ಆ ಹೊಸ ಸ್ಟ್ರೈಕರ್ ಬಳಲಿಲ್ಲ ಮಾವ” ಅಂದೆ.

“ಬಳಲವ್ನೆ.”

“ನಿಮಗೆ ಅವನ ಆಟ ಅರ್ಥ ಆಗ್ತಿಲ್ಲ. ಅವನು ನಿಂತಲ್ಲೇ ನಿಂತು ಗೋಲ್ ಹೊಡೆಯೋನು.”

“ನಿಂತಲ್ಲೇ ನಿಲ್ಲೋದು ಯಾವಾಗ? ಓಡಕ್ಕಾಗ್ದಾಗ. ನೀನ್ ಏನೇ ಹೇಳು, ನಾನ್ ಒಪ್ಪಲ್ಲ.”

ಹಾಗೆ ಶುರುವಾಯಿತು. ಕ್ಯಾಪ್ಟನ್ನನ ಜಾಗಕ್ಕೆ ಯಾರು, ಎಡಬದಿಗೆ ಯಾರನ್ನು ಹಾಕಬೇಕು, ಮೊದಲ ಐದು ಆಟದಲ್ಲಿ ಎಷ್ಟು ಗೆಲ್ಲಬಹುದು. ಮಾವನಿಗೆ ಗೊತ್ತಿಲ್ಲದ್ದನ್ನು ಕೇಳಿದರು, ನಾನು ಹೇಳಿದೆ. ಆಫ್‌ಸೈಡ್ ಅಂದರೆ ಏನು ಅಂತ ಅವತ್ತು ಆ ಬಾಗಿಲಿನ ಮೂಲಕ ವಿವರಿಸಿದೆ. ಅವರು ಕೇಳಿದ ಪ್ರಶ್ನೆಗಳನ್ನು ನೋಡಿದರೆ, ಎಷ್ಟೋ ದಿನದಿಂದ ಗೆಳೆಯರ ಮುಂದೆ ಕೇಳಲು ಸಂಕೋಚಪಟ್ಟುಕೊಂಡಿದ್ದರು ಅನ್ನಿಸಿತು. ನಾನು ಹೂಂಗುಟ್ಟುವುದು ತಡವಾದರೆ ಬೆನ್ನಿನಿಂದ ಬಾಗಿಲನ್ನು ಮೆಲ್ಲಗೆ ಅಲ್ಲಾಡಿಸೋರು.

ಗವಾಕ್ಷಿಯ ಬಿಸಿಲು ಗೋಡೆ ಬಿಟ್ಟು ಹೋಗಿತ್ತು. ಆ ಮಬ್ಬಿನಲ್ಲಿ ನನಗೆ ಕೇಳಬೇಕು ಅನ್ನಿಸಿತು. ಮುಖ ಕಾಣುತ್ತಿದ್ದರೆ ಕೇಳುತ್ತಿರಲಿಲ್ಲ.

“ನನ್ನ ಕಾಲು ಹೇಗಿದೆ ಮಾವ? ನೀವು ಹಿಡ್ಕೊಂಡಿದ್ರಲ್ಲ ಅವತ್ತು.”

ಮಾವ ಬೆನ್ನು ಸರಿಸಿ ಕೂತದ್ದು ಬಾಗಿಲಿನಲ್ಲಿ ತಿಳಿಯಿತು. ನಾನು ಮತ್ತೆ ಕೇಳಿದೆ.

“ನಡೀತೀಯ” ಅಂದರು. “ಆಡಲ್ಲ.”

“ಅವತ್ತೇ ಗೊತ್ತಿತ್ತಾ?”

“ಪಾದ ಬಿದ್ದಿದ್ ರೀತಿ ನೋಡ್ದಾಗ್ಲೇ ಗೊತ್ತಾಯ್ತು. ಕೂಡ್ಕಂತದೆ, ಆದ್ರೆ ಅದು ಓಡೋ ಕಾಲಲ್ಲ. ಹೇಳೋದ್ ಹೆಂಗೆ? ಅಳಿಯಂಗೆ ಹೇಳೋ ಮಾತಾ ಅದು?”

ಡಾಕ್ಟರು ಹೇಳದಿದ್ದದ್ದು, ಹೆಂಡತಿ ಹೇಳದಿದ್ದದ್ದು, ನನಗೆ ಒಳಗೊಳಗೇ ಗೊತ್ತಿದ್ದು ನಾನೇ ಹೇಳಿಕೊಳ್ಳದಿದ್ದದ್ದು. ಮೂವತ್ನಾಲ್ಕು ವರ್ಷ. ನಾನೇನು ದೊಡ್ಡ ಆಟಗಾರನಲ್ಲ. ಆದರೂ ಸಂಜೆ ಹೊತ್ತು ಬೂಟು ಕಟ್ಟಿಕೊಂಡು ಮೈದಾನಕ್ಕೆ ಇಳಿಯುವ ಆ ಒಂದು ಗಂಟೆ ಇನ್ನಿಲ್ಲ ಅನ್ನುವುದನ್ನು, ಎದ್ದು ಹೋಗಲಾಗದ ಜಾಗದಲ್ಲಿ ಕೂತು ಕೇಳಿಸಿಕೊಂಡೆ. ನಾನು ಅಳುತ್ತಿರುವುದು ಅವರಿಗೆ ಕೇಳಿಸಿತೋ ಏನೋ. ಅವರು ಬಾಗಿಲು ಅಲ್ಲಾಡಿಸಲಿಲ್ಲ.

ಸಲೂನಿನವನೂ ಮೇಷ್ಟ್ರೂ ಬಂದರು. ಬಾಗಿಲ ಮೇಲ್ಭಾಗವನ್ನು ಗರಗಸದಿಂದ ಕೊಯ್ದರು, ನೀಲಿ ಪುಡಿ ನನ್ನ ತಲೆಯ ಮೇಲೆಲ್ಲ ಉದುರಿತು. ಸಲೂನಿನವನು ಹತ್ತಿ ಒಳಗೆ ಇಳಿದು, ಕಂಕುಳಿಗೆ ಕೈ ಹಾಕಿ ನನ್ನನ್ನು ಒಂದು ಮಗ್ಗುಲಿಗೆ ಎತ್ತಿದ. ಬಾಗಿಲು ತೆರೆಯಿತು. ಮಾವ ಒಳಗೆ ಬಂದು ಮೊದಲು ಮುಟ್ಟಿದ್ದು ನನ್ನ ಕಾಲನ್ನು. ನೆನೆದು ಮೆತ್ತಗಾಗಿದ್ದ ಪ್ಲಾಸ್ಟರನ್ನು ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರ ಕಾರಿನವರೆಗೆ ಹಾಗೇ ನಡೆದರು. ಆಸ್ಪತ್ರೆಯಲ್ಲಿ ಬೇರೆ ಪ್ಲಾಸ್ಟರ್ ಹಾಕಿ, ಎರಡು ತಿಂಗಳ ಮೇಲೆ ಇನ್ನೂ ಮೂರು ವಾರ ಸೇರಿಸಿದರು.

ಮಾರನೆಯ ಬೆಳಿಗ್ಗೆ ಮಾವ ಕಾಫಿ ಲೋಟ ಹಿಡಿದು ಬಂದು, “ಅಳಿಯಂದ್ರೆ, ನಿದ್ದೆ ಬಂತಾ?” ಅಂದರು. ‘ನೀನು’ ಬಂದ ದಾರಿಯಲ್ಲೇ ಹೊರಟುಹೋಗಿತ್ತು. ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಅತ್ತೆ ಬಾತ್‌ರೂಮಿಗೆ ಹೊಸ ಬಾಗಿಲು ಹಾಕಿಸಿದರು, ಹೊರಕ್ಕೆ ತೆರೆಯುವಂಥದು. ತಟ್ಟೆ ಎತ್ತಲು ಈಗಲೂ ಬಿಡುವುದಿಲ್ಲ. ಪ್ಲಾಸ್ಟರ್ ತೆಗೆದಾಗ ಕಾಲು ಬೇರೆ ಯಾರದೋ ಕಾಲಿನ ಹಾಗೆ ಸಣಕಲಾಗಿತ್ತು, ಸ್ವಲ್ಪ ಹೊರಕ್ಕೆ ತಿರುಗಿ ಕೂಡಿಕೊಂಡಿತ್ತು. ಕುಂಟುತ್ತಾ ಕೆಲಸಕ್ಕೆ ಹೋದೆ. ಶೆಡ್ಡಿನಲ್ಲಿ ಸರಕು ನೋಡುವ ಕೆಲಸದಿಂದ ಕೂತು ಮಾಡುವ ಕೆಲಸಕ್ಕೆ ಹಾಕಿದರು. ನಡೆಯಲು ಬಂದ ಮೇಲೆ ಹೆಂಡತಿ ಒಂದು ದಿನ, “ಮನೆ ನೋಡೋಣ್ವಾ ದೇವನಹಳ್ಳಿ ಕಡೆ?” ಅಂತ ಕೇಳಿದಳು. ನೋಡೋಣ ಅಂದೆ. ಎರಡು ಮನೆ ನೋಡಿದೆವು. ಮೂರನೆಯದು ನೋಡಲು ಹೋಗಲಿಲ್ಲ. ಯಾಕೆ ಅಂದರೆ ಇಬ್ಬರಿಗೂ ಸರಿಯಾದ ಉತ್ತರ ಗೊತ್ತಿಲ್ಲ. ಈಗಲೂ ಕೆಲವು ಸಂಜೆ ಆ ನಡುಮನೆಯಲ್ಲಿ ಕೂತಾಗ ಗೋಡೆಗಳು ಒಂದೊಂದು ಗೇಣು ಹತ್ತಿರ ಬಂದ ಹಾಗಾಗುತ್ತದೆ. ಎದ್ದು ಬೀದಿಯ ಕೊನೆಯವರೆಗೆ ನಡೆದು ವಾಪಸ್ ಬರುತ್ತೇನೆ.

ಸೀಸನ್ ಶುರುವಾಯಿತು. ಹೊಸ ಸ್ಟ್ರೈಕರ್ ಮೊದಲ ಆಟದಲ್ಲೇ ಎರಡು ಗೋಲು ಹೊಡೆದ, ಆಮೇಲೂ ಹೊಡೆಯುತ್ತಲೇ ಹೋದ. ಮಾವ ಒಪ್ಪಲಿಲ್ಲ. “ಇನ್ನೂ ಐತೆ ಸೀಸನ್ನು” ಅಂದರು. ಬೆಂಗಳೂರಿನಲ್ಲಿ ಸಂಜೆ ಐದರ ಆಟವೊಂದಿದ್ದ ದಿನ ಸಲೂನಿನವನು ಹಠ ಮಾಡಿ ಎಲ್ಲರನ್ನೂ ಮೇಷ್ಟ್ರ ಕಾರಿನಲ್ಲಿ ಹೊರಡಿಸಿದ. ಮಾವ ಸ್ಟೇಡಿಯಂ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಮೇಲಿನ ಮೆಟ್ಟಿಲು ಹತ್ತಲು ನನ್ನ ಕಾಲು ಕೇಳಲಿಲ್ಲ, ಹೀಗಾಗಿ ನಾಲ್ವರೂ ಕೆಳಗೆ ಬಲೆಯ ಹತ್ತಿರ ಕೂತೆವು. ಅಲ್ಲಿಂದ ಆಟ ಅರ್ಧಕ್ಕರ್ಧ ಕಾಣುವುದಿಲ್ಲ. ಆಟಗಾರರ ಕಾಲು ಮಾತ್ರ ಚೆನ್ನಾಗಿ ಕಾಣುತ್ತದೆ. ಮಾವ ತೊಂಬತ್ತು ನಿಮಿಷವೂ ಬಗ್ಗಿಕೊಂಡೇ ನೋಡಿದರು. ಆಟ ಸಮವಾಗಿ ಮುಗಿಯಿತು.

ವಾಪಸ್ ಬರುವಾಗ ನಾನು ಹಿಂದಿನ ಸೀಟಿನ ನಡುವೆ ಕೂತಿದ್ದೆ, ಕಾಲು ಚಾಚಲು ಅಲ್ಲಿ ಮಾತ್ರ ಜಾಗವಿತ್ತು. ಸಲೂನಿನವನು ಕಾರು ಓಡಿಸುತ್ತಿದ್ದ. ನನ್ನ ಒಂದು ಪಕ್ಕ ಮಾವ, ಇನ್ನೊಂದು ಪಕ್ಕ, ವಾದ ಮುಗಿಯದ್ದಕ್ಕೆ ಮುಂದಿನ ಸೀಟು ಬಿಟ್ಟು ಬಂದ ಮೇಷ್ಟ್ರು. ಯಲಹಂಕದ ಹತ್ತಿರ ಟ್ರಾಫಿಕ್ಕಿನಲ್ಲಿ ಗಾಡಿ ನಿಂತೇಬಿಟ್ಟಿತು. ಉಳಿದ ಆಟಗಳಲ್ಲಿ ಎಷ್ಟು ಗೆದ್ದರೆ ಸೆಮಿಫೈನಲ್ ಸಿಗುತ್ತದೆ ಅಂತ ಮೇಷ್ಟ್ರು ಹೇಳುತ್ತಿದ್ದರು, ಅದು ಆಗಲ್ಲ ಅಂತ ಮಾವ ಅನ್ನುತ್ತಿದ್ದರು. ಇಬ್ಬರೂ ನನ್ನ ಮೇಲೆ ಬಗ್ಗಿ, ನನ್ನ ತೊಡೆಯ ಮೇಲೆ ಕೈಯಿಟ್ಟುಕೊಂಡು ವಾದ ಮಾಡುತ್ತಿದ್ದರು. ನನಗೆ ಆ ಕಡೆ ಈ ಕಡೆ ಅಲ್ಲಾಡಲು ಆಗುತ್ತಿರಲಿಲ್ಲ. ಕೊನೆಗೆ ಮೇಷ್ಟ್ರು, “ನೀನೇ ಹೇಳಪ್ಪಾ, ನಿಮ್ಮಾವಂಗೆ” ಅಂದರು. ಮಾವ ಬಾಯಿ ತೆರೆದದ್ದನ್ನು ಮುಚ್ಚಿ ನನ್ನ ಮುಖ ನೋಡಿದರು. ನಾನು ಹೇಳತೊಡಗಿದೆ. ಅರ್ಧ ಹೇಳುವಷ್ಟರಲ್ಲಿ ಅವರಿಬ್ಬರೂ ಮತ್ತೆ ಶುರುಮಾಡಿದರು.